ಸಾಮಾನು ಹೊರುವವನ ಮಗಳ ಮನೆ

ನನ್ನ ತಮ್ಮನನ್ನು ಯಾರಾದರೂ ಹೊಗಳಿದರೆ ನನಗೆ ಸಂತೋಷವೇ. ಆದರೆ ಅವನ ಜೊತೆ ಒಂದು ದಿನ ಇದ್ದು ನೋಡಿ ಆಮೇಲೆ ಹೊಗಳಲಿ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಊಟಕ್ಕೆ ಕೂತಾಗಲೂ ಒಂದು ಮೊಣಕಾಲು ಎತ್ತಿಟ್ಟುಕೊಂಡೇ ಇರುತ್ತಾನೆ, ಯಾರಾದರೂ ಕೂಗಿದರೆ ಎದ್ದು ಓಡಲು ಸುಲಭವಾಗಲಿ ಅಂತ. ಲಾರಿಗಳು ನಿಲ್ಲುವ ಬೀದಿಯಲ್ಲಿ ಅವನಿಗೆ ಗಡಿಬಿಡಿ ಎಂದೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕರೆದರೆ ಅವನು ತಿರುಗಿಯೂ ನೋಡುವುದಿಲ್ಲ.

ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ಅವನ ಕಸುಬು. ನಾನು ಅವನ ಅಕ್ಕ. ಗಂಡನ ಮನೆ ನನಗೆ ಆಗಿಬರಲಿಲ್ಲ, ಯಾಕೆ ಎಂಬುದು ಈಗ ಬೇಡ. ನಾನು ವಾಪಸ್ಸು ಬಂದಾಗ ತಮ್ಮನ ಹೆಂಡತಿ ಜ್ವರದಲ್ಲಿ ತೀರಿಹೋಗಿ ಇನ್ನೂ ತಿಂಗಳಾಗಿರಲಿಲ್ಲ. ತೊಟ್ಟಿಲಲ್ಲಿ ಹೆಣ್ಣುಮಗು ಕಿರುಚುತ್ತಿತ್ತು, ಇವನು ಹಾಲಿನ ಪಾತ್ರೆ ಹಿಡಿದು ಕೋಣೆಯ ಉದ್ದಗಲ ಓಡಾಡುತ್ತಿದ್ದ. ಉಟ್ಟು ಬಂದ ಸೀರೆಯಲ್ಲೇ ಒಲೆ ಹಚ್ಚಿದೆ. ಮಗು ಸ್ವಲ್ಪ ದೊಡ್ಡದಾದ ಮೇಲೆ ಅವನ ಜೊತೆ ಕೆಲಸಕ್ಕೂ ಹೋದೆ. ಅವನು ಹೊರುವವನು, ನಾನು ಕಟ್ಟುವವಳು. ಜನರ ಅಡುಗೆಮನೆಗೆ ಹೋಗಿ ಗಾಜು, ಪಿಂಗಾಣಿ, ಕನ್ನಡಿ, ತೀರಿಹೋದವರ ಫೋಟೊ ಎಲ್ಲವನ್ನೂ ಹಳೆಯ ಪೇಪರಿನಲ್ಲಿ ಸುತ್ತಿ, ಪೆಟ್ಟಿಗೆಗೆ ಇಳಿಸಿ, ಹಗ್ಗ ಬಿಗಿಯುವುದು ನನ್ನ ಪಾಲು. ನಾನು ಹಾಕಿದ ಗಂಟು ಲಾರಿ ಮಗುಚಿದರೂ ಬಿಚ್ಚುವುದಿಲ್ಲ. ಜಂಬದ ಮಾತಲ್ಲ, ಒಂದು ಸಲ ಲಾರಿ ಮಗುಚಿತ್ತು.

ನಮ್ಮಪ್ಪ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದ. ಹಿಟ್ಟಿನ ಗಿರಣಿಯ ಹಿಂದೆ ಒಂದೇ ಒಂದು ಕೋಣೆ ನಮ್ಮದು. ಗಿರಣಿ ಶುರುವಾದರೆ ಗೋಡೆ ನಡುಗುತ್ತಿತ್ತು, ಗೂಡಿನಲ್ಲಿಟ್ಟ ಲೋಟ ತಾನಾಗಿ ಅಂಚಿಗೆ ಬರುತ್ತಿತ್ತು. ನಮ್ಮ ಹುಬ್ಬು, ರೆಪ್ಪೆ ಎಲ್ಲ ಹಿಟ್ಟು. ಅಪ್ಪ ಸತ್ತಾಗ ನೆಲದ ಮೇಲೆ ಮಲಗಿಸಿದರೂ ಬೆನ್ನು ನೆಟ್ಟಗಾಗಲಿಲ್ಲ. ತಮ್ಮ ಅದನ್ನು ಕಣ್ಣು ಮಿಟುಕಿಸದೆ ನೋಡಿದ. ಅವನ ಗಡಿಬಿಡಿ ಶುರುವಾದದ್ದು ಅವತ್ತಿನಿಂದ ಅಂತ ನಾನು ಹೇಳುತ್ತೇನೆ. ಅವನು ಒಪ್ಪುವುದಿಲ್ಲ, ಒಪ್ಪಲು ಅವನಿಗೆ ಪುರಸೊತ್ತಿಲ್ಲ.

ಸಾಮಾನು ಸಾಗಿಸುವವನು ನೋಡದ ಮನೆ ಇಲ್ಲ. ದೊಡ್ಡ ಡಾಕ್ಟರ ಮಂಚದ ಕೆಳಗಿನ ಕಸವನ್ನೂ ಗುಮಾಸ್ತನ ಹೆಂಡತಿ ಬೀರುವಿನ ಹಿಂದೆ ಅಡಗಿಸಿಟ್ಟ ಒಡಕು ತಟ್ಟೆಯನ್ನೂ ನಾವು ನೋಡಿದ್ದೇವೆ. ಯಾರು ಮೇಲೆ ಹೋಗುತ್ತಿದ್ದಾರೆ, ಯಾರು ಕೆಳಗೆ ಬರುತ್ತಿದ್ದಾರೆ ಎಂದು ಮೊದಲ ಕೋಣೆಯಲ್ಲೇ ಗೊತ್ತಾಗುತ್ತದೆ. ಕೆಳಗೆ ಬರುವವರು ಎಲ್ಲವನ್ನೂ ಕಟ್ಟಿಸುತ್ತಾರೆ, ಮುರಿದ ಕುರ್ಚಿಯನ್ನು ಕೂಡ. ಇಷ್ಟೆಲ್ಲ ನೋಡಿ ನನ್ನ ತಮ್ಮ ಒಂದು ತೀರ್ಮಾನಕ್ಕೆ ಬಂದಿದ್ದ. ಮೇಲೆ ಹೋಗುವವರ ಮನೆಯಲ್ಲಿ ಮಕ್ಕಳಿಗೆ ಒಂದು ಮೇಜು ಇರುತ್ತದೆ, ಮುಚ್ಚಿಕೊಳ್ಳಲು ಒಂದು ಬಾಗಿಲು ಇರುತ್ತದೆ. ಅಷ್ಟೇ ಅವನ ಸಿದ್ಧಾಂತ.

ಆ ಮೇಜು, ಆ ಬಾಗಿಲು ಹುಡುಕಿಕೊಂಡು ಅವನು ನಮ್ಮನ್ನು ಊರೆಲ್ಲ ಸುತ್ತಿಸಿದ. ಒಳ್ಳೆಯ ಶಾಲೆಗೆ ಒಂದು ಬೀದಿ ಹತ್ತಿರ, ಒಂದು ಕಿಟಕಿ ಜಾಸ್ತಿ, ನಲ್ಲಿಯಲ್ಲಿ ಇನ್ನಷ್ಟು ಹೊತ್ತು ನೀರು. ಗೋಡೆಗೆ ಮೊಳೆ ಹೊಡೆದು ಕ್ಯಾಲೆಂಡರ್ ತೂಗುಹಾಕಿದ್ದೇ ತಡ, "ಅಕ್ಕಾ, ಗಂಟುಮೂಟೆ ಕಟ್ಟು" ಅನ್ನುತ್ತಿದ್ದ. ಊರವರ ಮನೆ ಹಗಲು ಸಾಗಿಸಿ, ನಮ್ಮ ಮನೆ ರಜಾದಿನ ಸಾಗಿಸುತ್ತಿದ್ದೆವು. ಬಾಡಿಗೆ ಮೂಗಿನ ಮಟ್ಟಕ್ಕೆ ಬಂದು ನಿಂತಿರುತ್ತಿತ್ತು. ನಾನು ಬೈಯುತ್ತಿದ್ದೆ, ಅವನು ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

ಮಗಳಿಗೆ ಮಾತ್ರ ಒಂದು ಕೊಡ ಎತ್ತಲೂ ಬಿಡುತ್ತಿರಲಿಲ್ಲ. ಸಾಮಾನು ಕಟ್ಟುವಾಗ ಅವಳು ಬಂದು ಪಕ್ಕದಲ್ಲಿ ಕೂತರೆ ಎಬ್ಬಿಸಿ ಕಳಿಸುತ್ತಿದ್ದ. "ಹೋಗ್ ಪುಟ್ಟಿ, ಓದ್ಕೋ. ಇದು ನಿನ್ನ ಕೆಲ್ಸ ಅಲ್ಲ." ಒಂದು ಸಲ ಅವಳು ಆಸೆಯಿಂದ ಹಗ್ಗದ ತುದಿ ಹಿಡಿದಿದ್ದಳು. ಇವನು ಅದನ್ನು ಕೈಯಿಂದ ಕಿತ್ತುಕೊಂಡ ರಭಸಕ್ಕೆ ಅಂಗೈ ಕೆಂಪಾಗಿ ಅವಳು ಅತ್ತಳು, ಅಳುವುದನ್ನು ನೋಡಲಾಗದೆ ಇವನು ಲಾರಿ ತೊಳೆಯಲು ಹೋದ. ಹೀಗೆ ಬೆಳೆಸಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಅವಳು ಓದಿದಳು, ಚೆನ್ನಾಗಿ ಓದಿದಳು. ಈಗ ಕಟ್ಟಡಗಳ ನಕ್ಷೆ ಹಾಕುವ ಕಚೇರಿಯಲ್ಲಿದ್ದಾಳೆ, ಅವಳ ಕೆಳಗೆ ನಾಲ್ಕಾರು ಜನ ಇದ್ದಾರೆ. ಅವಳಿಗೆ ಕೆಲಸ ಸಿಕ್ಕಿದಾಗ ಅಪ್ಪ ಕೇಳಿಕೊಂಡಿದ್ದು ಇಷ್ಟೇ, "ಮೆಟ್ಲು ಸ್ವಲ್ಪ ಅಗಲ ಇಡಮ್ಮಾ."

ಅವಳೇ ಕೊನೆಗೆ ಮನೆ ಕೊಂಡಳು. ಮೂರನೇ ಮಹಡಿ. ಅವಳಿಗೊಂದು ಕೋಣೆ, ಅಪ್ಪನಿಗೊಂದು, ನನಗೊಂದು. ನನ್ನ ಕೋಣೆಯ ಕಿಟಕಿಯಲ್ಲಿ ಒಂದು ಮರ ಕಾಣುತ್ತದೆ. ಅಡುಗೆಮನೆಯ ಕಪಾಟುಗಳಿಗೆ ಮಣೆ ಹಾಕಿಕೊಳ್ಳದೆ ಕೈ ಎಟುಕುತ್ತದೆ, ನನ್ನ ಎತ್ತರ ಅಳೆದು ಮಾಡಿಸಿದ್ದಳು. ಮುಚ್ಚುಮರೆ ಯಾಕೆ? ನನಗೆ ಆ ಮನೆ ಬೇಕಾಗಿತ್ತು. ಹೊಟ್ಟೆಪಾಡಿಗೆ ಕಂಡವರ ಅಡುಗೆಮನೆ ಕಟ್ಟಿ ಕಟ್ಟಿ ನನ್ನ ಜೀವ ಹೋಗಿತ್ತು. ಒಂದು ಡಬ್ಬಿಯನ್ನು ಒಂದು ಜಾಗದಲ್ಲಿಟ್ಟು, ಸಾಯುವವರೆಗೂ ಅದು ಅಲ್ಲೇ ಇರುವುದನ್ನು ನೋಡಬೇಕಿತ್ತು.

ಮಗಳು ಒಂದೇ ಒಂದು ಮಾತು ಕೇಳಿದ್ದಳು, ಅಪ್ಪ ತನ್ನ ಲಾರಿ ಮಾರಿ ಹೊರುವ ಕೆಲಸ ಬಿಡಬೇಕು. ಅವನ ಸೊಂಟದ ಮೂಳೆ ಸವೆದಿದೆ, ಇನ್ನು ಭಾರ ಎತ್ತಿದರೆ ಹಾಸಿಗೆ ಹಿಡಿಯುವುದೇ ಎಂದು ಡಾಕ್ಟರು ಹೇಳಿಯಾಗಿತ್ತು. ಅವನು ತಲೆಯಾಡಿಸಿದ. ಅವನು ಅಷ್ಟು ಬೇಗ ತಲೆಯಾಡಿಸಿದ್ದು ನೋಡಿಯೇ ನನಗೆ ದಿಗಿಲಾಯಿತು. ಈ ಮನುಷ್ಯ ಒಂದು ಮನೆಯಲ್ಲಿ ನಿಂತಾನೇ? ಮೂರು ಜನ ಒಂದೇ ಸೂರಿನಡಿ ಕೊನೆಗೂ ಕಾಲು ಚಾಚಿಕೊಂಡು ಕೂರುತ್ತೇವೆಯೇ? ನನಗೆ ಅದೊಂದೇ ಚಿಂತೆ.

ಸಾಗಿಸುವ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ನೀಲಿ ಅಂಗಿ ತೊಟ್ಟ ನಾಲ್ಕು ಜನ. ಮಗಳು ಒಂದು ಕಂಪನಿಯವರನ್ನು ಕರೆಸಿದ್ದಳು. ನಮಗೆ ಹೇಳಿರಲಿಲ್ಲ.

"ನಮ್ಮನೆ ಸಾಮಾನು ಬೇರೆಯೋರು ಹೊರೋದಾ?" ಎಂದ ತಮ್ಮ.

"ಹೌದಪ್ಪಾ. ನೀನು ಇವತ್ತು ಯಜಮಾನ. ಬಿಳಿ ಅಂಗಿ ಹಾಕ್ಕೊಂಡು ಸುಮ್ನೆ ಕೂತ್ಕೋ."

ಅವನು ಬಿಳಿ ಅಂಗಿ ಹಾಕಿಕೊಂಡ. ಕುರ್ಚಿಯ ಮೇಲೆ ಕೂತ. ಮುಳ್ಳಿನ ಮೇಲೆ ಕೂತವನ ಮುಖ. ಸ್ವಲ್ಪ ಹೊತ್ತಿಗೆ ನೀಲಿ ಅಂಗಿಯವನೊಬ್ಬ ಬಂದು ಆ ಕುರ್ಚಿಯನ್ನೂ ಕೇಳಿದ. ತಮ್ಮ ಕಿಟಕಿಯ ಕಟ್ಟೆಗೆ ಹೋಗಿ ಕೂತ, ಪರದೆ ಬಿಚ್ಚಲು ಇನ್ನೊಬ್ಬ ಬಂದ. ನನ್ನ ಗತಿಯೂ ಅಷ್ಟೇ. ಹಿಂದಿನ ದಿನ ಇಡೀ ಕೂತು ನಾನು ಕಟ್ಟಿಟ್ಟ ಪೆಟ್ಟಿಗೆಗಳನ್ನು ಅವರ ಮೇಸ್ತ್ರಿ ಒಂದೊಂದಾಗಿ ಬಿಚ್ಚಿಸುತ್ತಿದ್ದ. ಕಸ್ಟಮರು ಕಟ್ಟಿದ್ದಕ್ಕೆ ಕಂಪನಿ ಜವಾಬ್ದಾರಿ ಅಲ್ಲವಂತೆ. ನನ್ನ ಗಂಟುಗಳು ಬಿಚ್ಚಲು ಬರದೆ ಕತ್ತರಿ ಹಾಕಿದರು. ಪಿತ್ತ ನೆತ್ತಿಗೇರಿತು. ಆದರೂ ಬಾಯಿಗೆ ಬೀಗ ಹಾಕಿಕೊಂಡೆ, ನನಗೆ ಬೇಕಿದ್ದದ್ದು ಆ ಮನೆ.

ಇಲ್ಲಿ ಒಂದು ವಿಷಯ ಹೇಳಬೇಕು. ಭಾರದ ಸಾಮಾನು ಮೆಟ್ಟಿಲಿಳಿಸುವಾಗ ಮೇಲೊಬ್ಬ, ಕೆಳಗೊಬ್ಬ ಹಿಡಿಯುತ್ತಾರೆ. ಭಾರವೆಲ್ಲ ಕೆಳಗಿನವನ ಮೇಲೆ. ನಮ್ಮ ಹಳೆಯ ಪದ್ಧತಿಯಲ್ಲಿ ಕೆಳಗಿನವನು ಸಾಮಾನಿನ ಕಡೆ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಇಳಿಯುತ್ತಾನೆ. ಅವನಿಗೆ ದಾರಿ ಕಾಣುವುದಿಲ್ಲ. ಮೇಲಿನಿಂದ ಒಬ್ಬ "ಎಡಕ್ಕೆ, ಬಲಕ್ಕೆ, ನಿಲ್ಲು" ಎಂದು ಕೂಗಬೇಕು, ಕೂಗುವುದು ಕೆಳಗಿನವನ ಎಡ, ಕೆಳಗಿನವನ ಬಲ. ಎದುರು ಬದುರು ನಿಂತಿರುವುದರಿಂದ ಕೂಗುವವನು ತನ್ನ ಬಲಗಡೆ ನೋಡಿ ಎಡ ಅನ್ನಬೇಕಾಗುತ್ತದೆ. ನನ್ನ ತಮ್ಮನಿಗೆ ಅದು ನಿದ್ದೆಯಲ್ಲೂ ಬರುತ್ತದೆ. ಈ ಕಂಪನಿಯವರ ಪದ್ಧತಿ ಬೇರೆ. ಕೆಳಗಿನವನು ಅಗಲವಾದ ಪಟ್ಟಿಯಿಂದ ಸಾಮಾನನ್ನು ಬೆನ್ನಿಗೆ ಆನಿಸಿಕೊಂಡು, ದಾರಿಗೆ ಮುಖ ಮಾಡಿ ಇಳಿಯುತ್ತಾನೆ.

ಮಹಡಿ ಮೇಲಿದ್ದ ನಮ್ಮ ಬಾಡಿಗೆ ಮನೆಯಿಂದ ಕಬ್ಬಿಣದ ಬೀರು ಇಳಿಯುತ್ತಿತ್ತು. ಮಗಳು ಕೆಳಗೆ ಗಾಡಿಯ ಹತ್ತಿರ ಇದ್ದಳು. ಮೇಸ್ತ್ರಿ ಫೋನಿನಲ್ಲಿದ್ದ. ಬೀರುವಿನ ಕೆಳಗೆ ಮೂವತ್ತರ ಆಸುಪಾಸಿನ ಒಬ್ಬ ತೆಳ್ಳಗಿನವನು, ಕುತ್ತಿಗೆಯ ನರ ಉಬ್ಬಿತ್ತು. ತಮ್ಮ ಮೇಲೆ ನಿಂತು ನೋಡುತ್ತಿದ್ದ, ಅವನ ಕೈಗಳು ತಾವಾಗಿ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿದ್ದವು. ತಿರುವಿನಲ್ಲಿ ಬೀರು ಒಂದಿಷ್ಟು ವಾಲಿತು. ಅಷ್ಟೇ ಸಾಕಾಯಿತು.

"ಎಡಕ್ಕೆ!" ಎಂದು ಕೂಗಿಬಿಟ್ಟ.

ಎಂಥ ಕೂಗು ಅದು. ಗೂಡ್ಸ್ ಶೆಡ್ಡಿನ ಕೂಗು. ಮೆಟ್ಟಿಲ ಮೇಲೆ ಕಣ್ಣಿಟ್ಟಿದ್ದ ಆ ತೆಳ್ಳಗಿನವನು ಯೋಚನೆ ಮಾಡದೆ ತನ್ನ ಎಡಕ್ಕೆ ವಾಲಿದ. ಅಲ್ಲಿ ಗೋಡೆ ಇತ್ತು, ಜಾಗ ಇದ್ದದ್ದು ಬಲಕ್ಕೆ. ತಮ್ಮ ಹಳೆಯ ಪದ್ಧತಿಯ ಲೆಕ್ಕದಲ್ಲಿ ಕೂಗಿದ್ದ. ಅವನ ಕೈ ಗೋಡೆಗೂ ಬೀರುವಿಗೂ ಮಧ್ಯೆ ಸಿಕ್ಕಿತು. ಅವನು ಕಿರುಚಲಿಲ್ಲ, ಹಲ್ಲು ಕಚ್ಚಿಕೊಂಡು ಉಸಿರೆಳೆದ. ಬೀರು ಬಿಡಲೂ ಇಲ್ಲ.

ಮೇಸ್ತ್ರಿ ಓಡಿ ಬಂದ. "ಯಾವನೋ ಕೂಗಿದ್ದು?"

"ನಂದೇ ತಪ್ಪು ಸಾರ್, ಕಾಲು ಜಾರ್ತು. ಏನಾಗಿಲ್ಲ," ಎಂದ ಕೆಳಗಿನವನು. ಏಟಾಯಿತು ಎಂದರೆ ನಾಳೆಯಿಂದ ಬರಬೇಡ ಅನ್ನುತ್ತಾರೆ ಎಂಬುದು ನಮ್ಮ ಕಸುಬಿನವರಿಗೆ ಗೊತ್ತಿರುವುದೇ.

"ಅವನದಲ್ಲ, ನಂದು," ಎಂದ ತಮ್ಮ. "ಕೂಗಿದ್ದು ನಾನು. ತಪ್ಪು ಕೂಗಿದೆ."

ಮೇಸ್ತ್ರಿ ನಕ್ಕ. ಒಳ್ಳೆಯ ಮನುಷ್ಯನೇ, ಸಮಾಧಾನ ಮಾಡಲೆಂದೇ ನಕ್ಕಿದ್ದು. "ಬಿಡಿ ಯಜಮಾನ್ರೇ. ನೀವು ಕಸ್ಟಮರು. ನಿಮ್ಮದು ಹೇಗೆ ತಪ್ಪಾಗುತ್ತೆ?"

ನಮ್ಮಪ್ಪನ ಕಾಲದಿಂದ ಯಾವ ಮನೆಯಲ್ಲಿ ಏನು ಮುರಿದರೂ ತಪ್ಪು ನಮ್ಮದೇ ಆಗಿತ್ತು. ಮೊದಲೇ ಒಡೆದಿದ್ದ ಕನ್ನಡಿಗೂ ನಾವೇ ಕೈಮುಗಿದಿದ್ದೇವೆ. ಈಗ ಮೊದಲ ಸಲ ನಮ್ಮವನೊಬ್ಬ ನಿಜವಾಗಿ ತಪ್ಪು ಮಾಡಿದ, ಅದು ಲೆಕ್ಕಕ್ಕೇ ಬರಲಿಲ್ಲ. ನನ್ನ ತಮ್ಮನ ಮುಖ ಬಿಳಿಚಿಕೊಂಡಿತು. ಬೈಸಿಕೊಂಡಾಗಲೂ ನಾನು ಅವನ ಮುಖ ಹಾಗಾದದ್ದನ್ನು ನೋಡಿರಲಿಲ್ಲ.

ಅವನು ಮೆಟ್ಟಿಲಿಳಿದು, ಆ ತೆಳ್ಳಗಿನವನ ಹೆಗಲಿನಿಂದ ಪಟ್ಟಿ ತೆಗೆದು, ಬಿಳಿ ಅಂಗಿಯಲ್ಲೇ ಬೀರುವಿನ ಕೆಳಗೆ ನುಗ್ಗಿದ. ಬೆನ್ನಿಗೆ ಆನಿಸಿಕೊಳ್ಳಲಿಲ್ಲ, ಮುಖ ಮಾಡಿ ನಿಂತ, ಹಿಂದೆ ಹಿಂದೆ ಹೆಜ್ಜೆ ಇಟ್ಟ. ಕೆಳಗಿನಿಂದ ಮಗಳು ಬಂದಳು.

"ಅಪ್ಪಾ! ಬಿಡು ಅದನ್ನ!"

"ಮೆಟ್ಲ ಮಧ್ಯ ಬಿಡಕ್ಕಾಗಲ್ಲ ಪುಟ್ಟಿ. ಪಕ್ಕಕ್ಕೆ ಹೋಗು."

"ನಿಂಗೆ ಬುದ್ಧಿ ಇದೆಯಾ? ನಾನು ಇಷ್ಟೆಲ್ಲಾ ಮಾಡ್ತಿರೋದು ಯಾಕೆ?"

"ಪಕ್ಕಕ್ಕೆ ಹೋಗು ಅಂದೆ."

ಅವಳು ಗೋಡೆಗೆ ಅಂಟಿಕೊಂಡು ನಿಂತಳು, ಬೀರು ಅವಳ ಮೂಗಿನ ಮುಂದೆಯೇ ಇಳಿದುಹೋಯಿತು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಸಿಟ್ಟಿನದೋ ಸಂಕಟದ್ದೋ. ಆದರೆ ನಾನು ಯೋಚಿಸುತ್ತಿದ್ದದ್ದು ಅವನ ಸೊಂಟವನ್ನಲ್ಲ, ನನ್ನ ಕಿಟಕಿಯ ಮರವನ್ನು. ಕೆಟ್ಟವಳು ಅನ್ನುವವರು ಅನ್ನಲಿ.

ಹೊಸ ಮನೆಗೆ ಬಂದೆವು. ಡಬ್ಬಿಗಳನ್ನು ಜೋಡಿಸಿದೆ. ತಮ್ಮ ಎರಡು ದಿನ ಅಲುಗಾಡದೆ ಮಲಗಿದ್ದ, ಸೊಂಟ ಹಿಡಿದುಕೊಂಡಿತ್ತು. ಮೂರನೆಯ ದಿನ ಎದ್ದವನೇ ಕೋಣೆಯ ಮಂಚವನ್ನು ಈ ಗೋಡೆಯಿಂದ ಆ ಗೋಡೆಗೆ ಎಳೆದ. ಮಾರನೇ ದಿನ ಕಿಟಕಿಯ ಕೆಳಗೆ. ಆಮೇಲೆ ಬಾಗಿಲಿಗೆ ಅಡ್ಡ. ದಿನಾ ಬೆಳಿಗ್ಗೆ ಮಂಚದ ಕಾಲು ನೆಲ ಕೆರೆಯುವ ಸದ್ದು. ಕೆಳಗಿನ ಮನೆಯವರು ಬಂದು ಬಹಳ ಮರ್ಯಾದೆಯಿಂದ ದೂರು ಹೇಳಿಹೋದರು, ಮಗಳು ಮಂಚದ ಕಾಲಿಗೆ ರಬ್ಬರು ತಂದು ಹಾಕಿದಳು. ಸದ್ದು ನಿಂತಿತು, ಎಳೆಯುವುದು ನಿಲ್ಲಲಿಲ್ಲ.

ಮಧ್ಯಾಹ್ನಗಳಲ್ಲಿ ಅವನು ಎಲ್ಲಿಗೋ ಹೋಗಿ ಬರುತ್ತಿದ್ದ. ಕೇಳಿದರೆ "ಹೀಗೇ" ಅನ್ನುತ್ತಿದ್ದ. ಒಂದು ಭಾನುವಾರ ಊಟ ಮಾಡುತ್ತಾ ಅವನೇ ಬಾಯಿಬಿಟ್ಟ. ಆ ತೆಳ್ಳಗಿನವನ ಮನೆ ಹುಡುಕಿಕೊಂಡು ಹೋಗಿದ್ದನಂತೆ. ಎರಡು ಬೆರಳು ಮಡಚಲು ಬರುವುದಿಲ್ಲ. ಕಂಪನಿ ಬೇಡ ಅಂದಿದೆ. ಒಂದೇ ಕೋಣೆ, ಗೋಡೆಯ ಆಚೆ ಮರ ಕೊಯ್ಯುವ ಮಿಲ್ಲು. "ಅವನ ಮಗು ಕೂದಲಲ್ಲೆಲ್ಲಾ ಮರದ ಪುಡಿ," ಎಂದು ಹೇಳಿ ಅನ್ನ ಕಲಸುವುದನ್ನು ನಿಲ್ಲಿಸಿದ.

"ನಾನು ಅವ್ರಿಗೆ ಏನಾದ್ರೂ ಮಾಡ್ತೀನಪ್ಪಾ. ನಮ್ಮ ಕಚೇರೀಲಿ ಕೇಳ್ತೀನಿ," ಎಂದಳು ಮಗಳು.

"ನೀನ್ಯಾಕೆ ಮಾಡ್ಬೇಕು? ಕೂಗಿದ್ದು ನಾನು. ಲಾರಿ ಇನ್ನೂ ಮಾರಿಲ್ಲ. ಅವ್ನಿಗೆ ಓಡ್ಸೋಕೆ ಬರುತ್ತೆ. ಅವ್ನು ಓಡಿಸ್ಲಿ, ಹೊರೋಕೆ ಇಬ್ಬರನ್ನ ಹಾಕ್ಕೋತೀನಿ, ನಾನು ಮೇಲೆ ನಿಂತು ಕೂಗ್ತೀನಿ."

"ನೀನು ಮೇಲೆ ನಿಂತಿರ್ತೀಯಾ?" ಎಂದೆ ನಾನು. ಅವನು ನನ್ನ ಕಡೆ ನೋಡಲಿಲ್ಲ.

"ಇಲ್ಲಿಂದ ಆಗಲ್ಲ," ಎಂದ. "ಈ ಗೇಟಿನೊಳಗೆ ಲಾರಿ ಬಿಡಲ್ಲ. ಟೈರ್ ಅಂಗಡಿ ಮೇಲೆ ಒಂದು ರೂಮಿದೆ."

ಮಗಳು ತಟ್ಟೆ ಸರಿಸಿದಳು. "ನಿಂಗೆ ಇಲ್ಲಿ ಏನಪ್ಪಾ ಕಡಿಮೆ ಆಗಿದೆ?"

"ಏನೂ ಕಡಿಮೆ ಇಲ್ಲಮ್ಮಾ. ಕೂತ್ರೆ ಕೂರಕ್ಕಾಗ್ತಿಲ್ಲ, ಅಷ್ಟೇ."

"ಚಿಕ್ಕವಳಿದ್ದಾಗಿಂದ ಒಂದೊಂದು ಮನೆಗೂ ಕರ್ಕೊಂಡು ಹೋಗ್ತಾ ಏನಂತಿದ್ದೆ? ಮುಂದಿನ ಮನೇಲಿ ನಿಲ್ಲೋಣ ಪುಟ್ಟಿ ಅಂತಿದ್ದೆ. ಇದೇ ಅಪ್ಪಾ ಮುಂದಿನ ಮನೆ. ಇನ್ನು ಮುಂದೆ ಮನೆ ಇಲ್ಲ."

ಅವನು ಕಲಸಿದ ಅನ್ನವನ್ನು ಹಾಗೇ ಬಿಟ್ಟ. ಎದ್ದು ಕೈ ತೊಳೆದ. ಅವಳು ಹೇಳಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ, ಅವನು ಹೇಳಿದ್ದರಲ್ಲೂ ಇರಲಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ಹೋಗುವ ದಿನ ಬೆಳಿಗ್ಗೆ ಅವನು ಒಂದು ಖಾಲಿ ಪೆಟ್ಟಿಗೆ, ಹಗ್ಗ, ಹಳೆಯ ಪೇಪರು ತಂದು ನನ್ನ ಕಾಲಬುಡದಲ್ಲಿಟ್ಟ. "ಅಕ್ಕಾ, ಕಟ್ಟು. ನಿಂದೂ ಇದ್ರಲ್ಲೇ ಹಾಕು."

ಅವನು ಹೋದರೆ ನಾನೂ ಹೋಗುತ್ತೇನೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಪಾಪ, ಇರುವುದಾದರೂ ಹೇಗೆ? ನಾನು ಎಂದಾದರೂ ಹಿಂದೆ ಉಳಿದವಳೇ?

"ನಾನು ಬರಲ್ಲ," ಎಂದೆ. "ನಾನು ಇಲ್ಲೇ ಇರ್ತೀನಿ. ನಿಂದನ್ನೂ ಕಟ್ಟಲ್ಲ. ನಾನು ಕಟ್ಟಿ ಕೊಟ್ರೆ ನಾನೇ ಕಳ್ಸಿದ ಹಾಗಾಗುತ್ತೆ. ಬೇಕಿದ್ರೆ ನೀನೇ ಕಟ್ಕೋ."

ಅವನು ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡ. ಆಮೇಲೆ ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತು ತನ್ನ ಲೋಟ, ತಟ್ಟೆ, ಹೆಂಡತಿಯ ಫೋಟೊ ತೆಗೆದಿಟ್ಟುಕೊಂಡ. ಇಡೀ ಊರನ್ನು ಹೊತ್ತವನಿಗೆ ಒಂದು ಫೋಟೊ ಸುತ್ತಲು ಬರುತ್ತಿರಲಿಲ್ಲ. ಪೇಪರು ಹರಿಯಿತು. ಫೋಟೊದ ಗಾಜಿನ ಮೇಲೆ ಲೋಟ ಇಟ್ಟ. ನನ್ನ ಕೈ ಎದ್ದೆದ್ದು ಬರುತ್ತಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಅಷ್ಟು ಭಾರದ ಕೆಲಸ ನಾನು ಬೇರೆ ಮಾಡಿಲ್ಲ.

ಮಗಳು ತನ್ನ ಕೋಣೆಯಿಂದ ಬಂದಳು. ರಾತ್ರಿಯೆಲ್ಲ ಅತ್ತ ಮುಖ. ಬಾಗಿಲಲ್ಲಿ ನಿಂತು ಅಪ್ಪ ಒದ್ದಾಡುವುದನ್ನು ನೋಡಿದಳು, ನನ್ನನ್ನು ನೋಡಿದಳು.

"ಅತ್ತೆ, ಕಟ್ಟಿ ಕೊಡಲ್ವಾ?"

"ಇಲ್ಲ."

ಅವಳು ಬಂದು ಅಪ್ಪನ ಎದುರು ಕೂತು ಪೇಪರು ತೆಗೆದುಕೊಂಡಳು. ಅವನು ಎಂದಿನಂತೆ "ಇದು ನಿನ್ನ ಕೆಲ್ಸ ಅಲ್ಲ" ಅನ್ನಲು ಬಾಯಿ ತೆರೆದ, ಮುಚ್ಚಿದ. ಅವಳು ಫೋಟೊವನ್ನು ಸುತ್ತಿದಳು, ಉಡುಗೊರೆ ಸುತ್ತುವ ಹಾಗೆ, ಅಂಚು ಮಡಚಿ, ಚೆಂದ ಮಾಡಿ. ಭಾರದ ಪಾತ್ರೆ ಮೇಲೆ, ಹಗುರದ್ದು ಕೆಳಗೆ. ಹಗ್ಗವನ್ನು ಪೆಟ್ಟಿಗೆಯ ಸುತ್ತ ತಂದಳು, ಎಳೆದಳು, ಶೂ ಲೇಸಿಗೆ ಹಾಕುವ ಗಂಟು ಹಾಕಿದಳು. ಬೇರೆ ಗಂಟು ಅವಳಿಗೆ ಬರುವುದಿಲ್ಲ. ಯಾರೂ ಕಲಿಸಿರಲಿಲ್ಲ, ಕಲಿಸದೆ ಇರಲು ನಾವಿಬ್ಬರೂ ಇಡೀ ಆಯಸ್ಸು ದುಡಿದಿದ್ದೆವು.

"ಸರಿ ಇದೆಯಾ ಅಪ್ಪಾ?"

ಅವನು ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದ. ಮೊದಲ ಮಹಡಿ ಇಳಿಯುವುದರೊಳಗೆ ಬಿಚ್ಚಿಕೊಳ್ಳುವ ಗಂಟು. ಅದು ಅವನಿಗೂ ಗೊತ್ತಾಯಿತು, ನನಗೂ ಗೊತ್ತಿತ್ತು.

"ಚೆನ್ನಾಗಿ ಕಟ್ಟಿದ್ದೀಯ ಪುಟ್ಟಿ," ಎಂದ.

ಹೆಗಲಿಗೆ ಎಸೆದುಕೊಳ್ಳಲಿಲ್ಲ. ಎರಡೂ ಕೈಗಳನ್ನು ಪೆಟ್ಟಿಗೆಯ ತಳಕ್ಕೆ ಕೊಟ್ಟು, ಎದೆಗೆ ಒತ್ತಿಕೊಂಡು ಎದ್ದ. ಲಿಫ್ಟ್ ಹತ್ತಿರ ಹೋಗದೆ ಮೆಟ್ಟಿಲ ಕಡೆ ತಿರುಗಿದ. ನಾವಿಬ್ಬರೂ ಬಾಗಿಲಲ್ಲಿ ನಿಂತೆವು. ಇಷ್ಟು ವರ್ಷ ಓಡಿಕೊಂಡೇ ಇದ್ದ ಆ ಮನುಷ್ಯ, ಮಗಳ ಗಂಟು ಬಿಚ್ಚಿಹೋಗದಿರಲಿ ಅಂತ, ಒಂದು ಮೆಟ್ಟಿಲಿಗೆ ಎರಡೂ ಕಾಲು ಊರಿ, ನಿಂತು, ಮತ್ತೆ ಒಂದು ಮೆಟ್ಟಿಲು ಇಳಿದ.